ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅರ್ಧ ತಾಲೂಕು

ಸಂಜೆ ಹೊತ್ತಿಗೆ ನಮ್ಮ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಅರ್ಧ ತಾಲೂಕೇ ಅದರೊಳಗಿರುತ್ತದೆ. ಒಬ್ಬರ ಪಹಣಿ, ಇನ್ನೊಬ್ಬರ ಜಾತಿ-ಆದಾಯ ಪ್ರಮಾಣಪತ್ರ, ಯಾವುದೋ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಪ್ರವೇಶಪತ್ರ, ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡು, ಇ-ಆಧಾರ್. ತಿಪಟೂರಿನಲ್ಲಿ ಝೆರಾಕ್ಸ್, ಸ್ಕ್ಯಾನಿಂಗ್, ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತೇನೆ. ಜೊತೆಗೆ ಕಂಪ್ಯೂಟರ್ ರಿಪೇರಿಯನ್ನೂ ಮಾಡುತ್ತೇನೆ. ರಿಪೇರಿಗೆ ತರುವವರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ತುಂಬಾ ಸ್ಲೋ ಆಗಿದೆ ಮೇಡಂ, ಒಂದ್ಸಲ ಕ್ಲೀನ್ ಮಾಡ್ಕೊಡಿ."

ಅವರ ಚಿಂತೆ ಜಾಗದ್ದು. ಸಿ ಡ್ರೈವಿನ ಪಟ್ಟಿ ಕೆಂಪಾಗಿದೆ, ಮತ್ತೆ ನೀಲಿಯಾಗಬೇಕು. ನನ್ನ ಕಣ್ಣು ಮೊದಲು ಹೋಗುವುದು ಬೇರೆ ಕಡೆಗೆ. ಕಂಪ್ಯೂಟರಿನಲ್ಲಿ ಉಳಿದುಹೋಗುವುದರಲ್ಲಿ ಎರಡು ಬಗೆ. ಒಂದು ಜಾಗ ತಿನ್ನುವ ಕಸ, ಇನ್ನೊಂದು ಗುಟ್ಟು ಬಿಟ್ಟುಕೊಡುವ ಕಾಗದಪತ್ರ. ಕಸ ತೆಗೆಯದಿದ್ದರೆ ಯಂತ್ರ ನಿಧಾನವಾದೀತು, ಅಷ್ಟೆ. ಕಾಗದಪತ್ರ ಬಿಟ್ಟರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಸಾಲ ಎತ್ತಬಹುದು, ಸಿಮ್ ಕೊಳ್ಳಬಹುದು. ಜನ ಕಸ ತೆಗೆಸಲು ದುಡ್ಡು ಕೊಡುತ್ತಾರೆ, ಕಾಗದಪತ್ರದ ಮಾತನ್ನೇ ಎತ್ತುವುದಿಲ್ಲ.

ಕಸದ ವಿಷಯ ಮೊದಲು ಹೇಳಿಬಿಡುತ್ತೇನೆ. ಯಾವ ತಂತ್ರಾಂಶಕ್ಕಾದರೂ ಕೆಲಸದ ನಡುವೆ ಬರೆದಿಟ್ಟುಕೊಳ್ಳಲು ಒಂದಿಷ್ಟು ಜಾಗ ಬೇಕು. ವರ್ಡಿನಲ್ಲಿ ಪತ್ರ ಟೈಪ್ ಮಾಡುತ್ತಿದ್ದರೆ ಅದರದೊಂದು ಕೆಲಸದ ಪ್ರತಿ ಹಿಂದೆಯೇ ತಯಾರಾಗುತ್ತಿರುತ್ತದೆ. ಹೊಸ ತಂತ್ರಾಂಶ ಹಾಕುವಾಗ ಅದು ತನ್ನ ಕಟ್ಟು ಬಿಚ್ಚಿ ಒಂದು ಫೋಲ್ಡರಿನಲ್ಲಿ ಹರಡಿಕೊಳ್ಳುತ್ತದೆ. ಪ್ರಿಂಟ್ ಕೊಟ್ಟರೆ ಪುಟಗಳು ಪ್ರಿಂಟರಿಗೆ ಹೋಗುವ ಮುನ್ನ ಸ್ಪೂಲ್ ಎಂಬ ಫೋಲ್ಡರಿನಲ್ಲಿ ಸರದಿ ನಿಲ್ಲುತ್ತವೆ. ಕೆಲಸ ಮುಗಿದ ಕೂಡಲೇ ಇವನ್ನೆಲ್ಲ ಆಯಾ ತಂತ್ರಾಂಶವೇ ಅಳಿಸಬೇಕು. ಮುಗಿಯುವ ಮೊದಲೇ ಕರೆಂಟ್ ಹೋದರೆ ಅಳಿಸುವವರು ಯಾರು? ಗುಡುಗು ಮಳೆಯ ದಿನ ನಾಲ್ಕಾರು ಸಲ ಕರೆಂಟ್ ಹೋಗಿ ಬರುತ್ತದೆ, ಯುಪಿಎಸ್ಸಿನ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿರುತ್ತದೆ, ಯಂತ್ರ ದಪ್ಪನೆ ಆಫ್ ಆಗುತ್ತದೆ. ಅರ್ಧ ಬರೆದ ಫೈಲುಗಳು ಅನಾಥವಾಗಿ ಉಳಿಯುತ್ತವೆ. ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಟೆಂಪ್ ಫೈಲುಗಳು ಇಷ್ಟು ಸೇರಿಕೊಳ್ಳಲು ಅದೂ ಒಂದು ಕಾರಣ.

ತೆಗೆಯುವುದು ಕಷ್ಟವಲ್ಲ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ಎಡಗಡೆ ಕೆಳಗೆ ರನ್ ಎಂಬ ಪುಟ್ಟ ಡಬ್ಬಿ ಬರುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಿ %ಟೆಂಪ್% ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅರ್ಥವಾಗದ ಹೆಸರಿನ ಫೋಲ್ಡರುಗಳು ಸಾಲುಸಾಲಾಗಿ ತೆರೆದುಕೊಳ್ಳುತ್ತವೆ. ನಡೆಯುತ್ತಿರುವ ಕೆಲಸವನ್ನೆಲ್ಲ ಸೇವ್ ಮಾಡಿ, ಮಿಕ್ಕ ತಂತ್ರಾಂಶಗಳನ್ನು ಮುಚ್ಚಿ, ಎಲ್ಲವನ್ನೂ ಆರಿಸಿ ಡಿಲೀಟ್ ಕೊಡಿ. ಕೆಲವು ಫೈಲುಗಳು ಬಳಕೆಯಲ್ಲಿವೆ, ಅಳಿಸಲಾಗದು ಎಂಬ ಸಂದೇಶ ಬರುತ್ತದೆ. ಗಾಬರಿ ಬೇಡ, ಸ್ಕಿಪ್ ಒತ್ತಿ ಮುಂದೆ ಹೋಗಿ. ಅವು ಆ ಕ್ಷಣದಲ್ಲಿ ಬೇಕಾದವು.

ಈ ಪಟ್ಟಿಯನ್ನು ಅಳಿಸುವ ಮುನ್ನ ಒಂದು ಗಳಿಗೆ ನೋಡಿ. "ಆರ್‌ಎಆರ್" ಎಂದು ಶುರುವಾಗುವ ಕೆಲವು ಫೋಲ್ಡರುಗಳು ಇರಬಹುದು. ವಿನ್‌ರಾರ್ ತಂತ್ರಾಂಶದಲ್ಲಿ ಜಿಪ್ ಫೈಲನ್ನು ಪೂರ್ತಿ ಬಿಚ್ಚದೆ, ಒಳಗಿನ ಒಂದು ದಾಖಲೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿ ನೋಡಿದಾಗ ಅದರ ಪ್ರತಿ ಇಲ್ಲಿ ಬಂದು ಕೂರುತ್ತದೆ. ನೀವು ನೋಡಿ ಮುಚ್ಚಿದಿರಿ, ಜಿಪ್ ಫೈಲನ್ನೂ ಅಳಿಸಿದಿರಿ. ಆದರೂ ಒಳಗಿನ ಸಂಬಳದ ಚೀಟಿಯೋ ಆಸ್ತಿಯ ಕ್ರಯಪತ್ರವೋ ಟೆಂಪಿನಲ್ಲಿ ಉಳಿದಿರಬಹುದು. ಔಟ್‌ಲುಕ್ಕಿನಲ್ಲಿ ಬಂದ ಲಗತ್ತನ್ನು ನೇರವಾಗಿ ತೆರೆದರೂ ಅಷ್ಟೆ, ಬೇರೊಂದು ಗುಪ್ತ ಫೋಲ್ಡರಿನಲ್ಲಿ ಅದರ ಪ್ರತಿ ಇರುತ್ತದೆ. ಕಸ ಬೇರೆ, ಕಾಗದಪತ್ರ ಬೇರೆ ಎಂದೆನಲ್ಲ, ಇಲ್ಲಿ ಅವೆರಡೂ ಬೆರೆತಿರುತ್ತವೆ.

ಕೈಯಿಂದ ಮಾಡಲು ಅಂಜುವವರಿಗೆ ವಿಂಡೋಸೇ ಒಂದು ದಾರಿ ಕೊಟ್ಟಿದೆ. ಸೆಟ್ಟಿಂಗ್ಸಿನಲ್ಲಿ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ಟೆಂಪರರಿ ಫೈಲ್ಸ್. ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ಅದೇ ಲೆಕ್ಕ ತೋರಿಸುತ್ತದೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಹಳೆಯ ವಿಂಡೋಸಿನ ಪೂರ್ತಿ ಪ್ರತಿ ವಿಂಡೋಸ್ ಡಾಟ್ ಓಲ್ಡ್ ಎಂಬ ಹೆಸರಿನಲ್ಲಿ ಉಳಿಯುತ್ತದೆ. ಹತ್ತಿಪ್ಪತ್ತು ಜಿಬಿ ತಿನ್ನುವ ಇದನ್ನು ಸಾಮಾನ್ಯವಾಗಿ 10 ದಿನದ ನಂತರ ವಿಂಡೋಸೇ ತೆಗೆಯುತ್ತದೆ. 64 ಜಿಬಿಯ ಅಗ್ಗದ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿಗಳಿಗೆ ಆ 10 ದಿನವೂ ಕಷ್ಟ. ಹೊಸದು ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾದರೆ ಇಲ್ಲಿಂದಲೇ ತೆಗೆಯಬಹುದು. ಸ್ಟೋರೇಜ್ ಸೆನ್ಸ್ ಎಂಬ ಸೌಲಭ್ಯ 2017ರಿಂದ ಇದೆ. ಅದನ್ನು ಆನ್ ಮಾಡಿಟ್ಟರೆ ಈ ಕೆಲಸ ತಾನಾಗಿ ಆಗುತ್ತದೆ.

ಇಲ್ಲೊಂದು ಎಚ್ಚರಿಕೆ. ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. 2018ರ ಅಕ್ಟೋಬರಿನ ವಿಂಡೋಸ್ 10 ಅಪ್‌ಡೇಟಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹಳೆಯ ಡಿಸ್ಕ್ ಕ್ಲೀನಪ್ಪಿಗೂ ಈ ಸಾಲನ್ನು ಸೇರಿಸಿತು. ಎಲ್ಲ ಚೌಕಕ್ಕೂ ಟಿಕ್ ಹಾಕಿ ಓಕೆ ಒತ್ತುವ ಅಭ್ಯಾಸವಿದ್ದವರು ವರ್ಷಗಳಿಂದ ಕೂಡಿಟ್ಟದ್ದನ್ನು ಕಳೆದುಕೊಂಡರು. 2020ರಲ್ಲಿ ಅದನ್ನು ಡಿಸ್ಕ್ ಕ್ಲೀನಪ್ಪಿನಿಂದ ಕಿತ್ತುಹಾಕಿದರು. ಸೆಟ್ಟಿಂಗ್ಸಿನ ಪಟ್ಟಿಯಲ್ಲಿ ಈಗಲೂ ಇದೆ. ಟಿಕ್ ಹಾಕುವ ಮುನ್ನ ಓದಿ ಹಾಕಿ. ಹಾಗೆಯೇ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಇನ್‌ಸ್ಟಾಲರ್ ಎಂಬ ಗುಪ್ತ ಫೋಲ್ಡರ್ ಇದೆ. ನೋಡಲು ಕಸದ ಹಾಗೇ ಕಾಣುತ್ತದೆ, ಬಹಳ ಜಾಗ ತಿಂದಿರುತ್ತದೆ. ಅದನ್ನು ಮುಟ್ಟಬೇಡಿ. ಮುಂದೆ ಆಫೀಸಿನಂಥ ತಂತ್ರಾಂಶವನ್ನು ಅಪ್‌ಡೇಟ್ ಮಾಡಲು, ತೆಗೆಯಲು ಅದೇ ಬೇಕು.

ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಅದರ ಗುರುತೆಲ್ಲ ಹೋಯಿತು ಎಂದುಕೊಳ್ಳುವವರೂ ಬಹಳ ಜನ. ಕ್ರೋಮ್ ತೆಗೆಯುವಾಗ ಬ್ರೌಸಿಂಗ್ ಮಾಹಿತಿಯನ್ನೂ ಅಳಿಸಬೇಕೇ ಎಂದು ಒಂದು ಚಿಕ್ಕ ಚೌಕ ಕೇಳುತ್ತದೆ. ಅದಕ್ಕೆ ಟಿಕ್ ಹಾಕದಿದ್ದರೆ ನೋಡಿದ ಪುಟ, ಉಳಿಸಿದ ಪಾಸ್‌ವರ್ಡ್ ಎಲ್ಲ ಡಿಸ್ಕಿನಲ್ಲೇ ಇರುತ್ತವೆ. ಮತ್ತೆ ಕ್ರೋಮ್ ಹಾಕಿದರೆ ಹಳೆಯದೆಲ್ಲ ಎದ್ದು ಬರುತ್ತದೆ. ಟ್ಯಾಲಿ ತೆಗೆದರೂ ಲೆಕ್ಕದ ಫೋಲ್ಡರ್ ಬೇರೆ ಕಡೆ ಉಳಿಯುತ್ತದೆ. ಅಂಗಡಿಯವರಿಗೆ ಅದು ಒಳ್ಳೆಯದೇ, ಜೀವವೇ ಅಲ್ಲಿರುತ್ತದೆ. ಅದೇ ಕಂಪ್ಯೂಟರನ್ನು ಮಾರುವಾಗ ಮಾತ್ರ ಯಾರಿಗೆ ಎಷ್ಟು ಉದ್ರಿ, ಯಾರಿಂದ ಎಷ್ಟು ಖರೀದಿ ಎಂಬುದೆಲ್ಲ ಕೊಂಡವನ ಮನೆಗೆ ಹೋಗುತ್ತದೆ.

ಇನ್ನು ಬ್ರೌಸರ್. ವೆಬ್‌ಸೈಟಿಗೆ ತನ್ನಷ್ಟಕ್ಕೆ ನೆನಪಿಲ್ಲ, ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಆ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಕುಕಿ ಎಂಬ ಚಿಕ್ಕ ಗುರುತನ್ನು ರೂಪಿಸಿದರು. ನೀವು ಲಾಗಿನ್ ಆಗಿದ್ದೀರಿ ಎಂದು ನೆನಪಿಟ್ಟುಕೊಳ್ಳುವುದು ಅದೇ. ಸ್ವಂತ ಕಂಪ್ಯೂಟರಿನಲ್ಲಿ ಅನುಕೂಲ. ಹತ್ತು ಜನ ಕೂತು ಏಳುವ ಕಂಪ್ಯೂಟರಿನಲ್ಲಿ, ಲಾಗ್ಔಟ್ ಮಾಡದೆ ಎದ್ದು ಹೋದವರ ಜಿಮೇಲನ್ನು ಮುಂದಿನವರ ಮುಂದೆ ತೆರೆದಿಡುವುದೂ ಅದೇ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆಟೋಫಿಲ್. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯ ಖಾನೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ ನೋಡಿ. ಆ ಖಾನೆಯಲ್ಲಿ ಹಿಂದೆ ಟೈಪ್ ಮಾಡಿದ ಸಂಖ್ಯೆಗಳು ಕೆಳಗೆ ಜೋತುಬೀಳುತ್ತವೆ. ಹೆಸರಿನ ಖಾನೆ ಮುಟ್ಟಿದರೆ ಹೆಸರುಗಳು, ವಿಳಾಸದ ಖಾನೆ ಮುಟ್ಟಿದರೆ ವಿಳಾಸಗಳು. ನನ್ನ ಪಕ್ಕದಲ್ಲಿ ಕೂತ ಗ್ರಾಹಕರು ಪರದೆಯನ್ನೇ ನೋಡುತ್ತಿರುತ್ತಾರೆ, ಅವರ ಊರಿನ ಹುಡುಗಿಯೊಬ್ಬಳ ನಂಬರ್ ಅಲ್ಲಿ ಕಂಡರೆ? ಹಾಗಾಗಿ ನಮ್ಮ ಅಂಗಡಿಯ ಬ್ರೌಸರಿನಲ್ಲಿ ಆಟೋಫಿಲ್, ಪಾಸ್‌ವರ್ಡ್ ಉಳಿಸುವ ಸೌಲಭ್ಯ ಎರಡನ್ನೂ ಆಫ್ ಮಾಡಿಟ್ಟಿದ್ದೇನೆ. ಎಡ್ಜ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಮುಚ್ಚಿದ ಕೂಡಲೇ ಎಲ್ಲ ಅಳಿಸಿಹೋಗುವ ಹಾಗೆ ಹೊಂದಿಸಬಹುದು. ಅದೂ ಬೇಡವೆಂದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅಳಿಸುವ ಕಿಟಕಿ ಬರುತ್ತದೆ. ಅಲ್ಲಿ ಕಳೆದ ಒಂದು ಗಂಟೆ ಎಂದಿದ್ದರೆ ಅದನ್ನು ಆಲ್ ಟೈಮ್ ಎಂದು ಬದಲಿಸದೆ ಒತ್ತಿದರೆ ನಿನ್ನೆಯದು, ಮೊನ್ನೆಯದು ಹಾಗೇ ಉಳಿಯುತ್ತದೆ. ಮನೆಯಲ್ಲಿ ಮಾಡುವವರಿಗೆ ಇನ್ನೊಂದು ಮಾತು: ಗೂಗಲ್ ಖಾತೆಯಲ್ಲಿ ಸಿಂಕ್ ಆನ್ ಇದ್ದರೆ ಇಲ್ಲಿ ಅಳಿಸಿದ ಹಿಸ್ಟರಿ ನಿಮ್ಮ ಮೊಬೈಲಿನಿಂದಲೂ ಹೋಗುತ್ತದೆ.

ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿದರೆ ಏನೂ ಉಳಿಯುವುದಿಲ್ಲ ಎಂಬ ನಂಬಿಕೆ ಕಾಲೇಜು ಹುಡುಗರಲ್ಲಿ ಬಲವಾಗಿದೆ. ಹಿಸ್ಟರಿ, ಕುಕಿ ಉಳಿಯುವುದಿಲ್ಲ, ನಿಜ. ಡೌನ್‌ಲೋಡ್ ಮಾಡಿದ ಫೈಲ್ ಉಳಿಯುತ್ತದೆ. ಅಂಕಪಟ್ಟಿಯನ್ನು ಇನ್‌ಕಾಗ್ನಿಟೋದಲ್ಲಿ ಇಳಿಸಿಕೊಂಡರೂ ಅದು ಹೋಗಿ ಬೀಳುವುದು ಅದೇ ಡೌನ್‌ಲೋಡ್ಸ್ ಫೋಲ್ಡರಿಗೆ.

ಇ-ಆಧಾರ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2022ರ ಮೇ ತಿಂಗಳ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರಿನ ನಕಲನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ ಎಂಬ ಮಾತು ಅದರಲ್ಲಿತ್ತು. ದೇಶವಿಡೀ ಗಲಿಬಿಲಿಯಾಗಿ ಎರಡೇ ದಿನದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಗದ್ದಲದಲ್ಲಿ ಅದರಲ್ಲಿದ್ದ ಇನ್ನೊಂದು ಸಲಹೆಯನ್ನು ಯಾರೂ ಗಮನಿಸಲಿಲ್ಲ. ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಅಳಿಸಿ ಎಂಬುದು ಆ ಸಲಹೆ. ಪ್ರಕಟಣೆ ವಾಪಸ್ಸಾದರೂ ಆ ಮಾತು ನೂರಕ್ಕೆ ನೂರು ಸರಿ ಎಂದೇ ನಾನು ಹೇಳುತ್ತೇನೆ. ಆ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಹಲವರು ಸಮಾಧಾನ ಪಡುತ್ತಾರೆ. ಪಾಸ್‌ವರ್ಡ್ ಏನು? ಹೆಸರಿನ ಮೊದಲ ನಾಲ್ಕು ದೊಡ್ಡಕ್ಷರ, ಆಮೇಲೆ ಹುಟ್ಟಿದ ಇಸವಿ. ಅದೇ ಫೋಲ್ಡರಿನಲ್ಲಿ, ಪಕ್ಕದಲ್ಲೇ, ಅದೇ ಹುಡುಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಿದ್ದಿರುತ್ತದೆ. ಹೆಸರೂ ಹುಟ್ಟಿದ ತಾರೀಖೂ ಅದರಲ್ಲಿ ಅಚ್ಚಾಗಿವೆ. ಬೀಗವೂ ಕೀಲಿಯೂ ಒಂದೇ ಕಡೆ.

ಇಷ್ಟೆಲ್ಲ ಗೊತ್ತಿದ್ದೂ ಅಳಿಸುವುದು ಅಂದುಕೊಂಡಷ್ಟು ಸುಲಭವಲ್ಲ, ಏಕೆಂದರೆ ಬೇಡ ಎನ್ನುವವರು ಗ್ರಾಹಕರೇ. ಹಳ್ಳಿಯಿಂದ ಬಂದ ಹೆಂಗಸೊಬ್ಬರ ಕೆಲಸ ಮುಗಿಸಿ, "ನಿಮ್ಮ ಕಾಗದ ಎಲ್ಲ ಕಂಪ್ಯೂಟರಿಂದ ಅಳಿಸ್ತೀನಿ ಕಣಕ್ಕ" ಎಂದರೆ ಅವರಿಗೆ ಗಾಬರಿ.

"ಅಯ್ಯೋ ಬ್ಯಾಡ ಕಣವ್ವ, ನಿನ್ ಹತ್ರಾನೇ ಇರ್ಲಿ. ನಾನು ಎಲ್ಲಿ ಮಡೀಕಳ್ಳಲಿ? ಮುಂದಿನ್ ಸಲ ಬಂದಾಗ ಮತ್ತೆ ಬೇಕಾಗ್ತದಲ್ಲ."

ಅವರು ಹೇಳುವುದರಲ್ಲಿ ನ್ಯಾಯವಿದೆ. ಪ್ರತಿ ಯೋಜನೆಗೂ ಅದೇ ಆಧಾರ್, ಅದೇ ಪಾಸ್‌ಬುಕ್, ಅದೇ ರೇಷನ್ ಕಾರ್ಡು. ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಿದರೆ ಮತ್ತೆ ಮತ್ತೆ ದುಡ್ಡು. ನಂಬಿಕೆಯಿಂದಲೇ ಇಟ್ಟುಕೋ ಎನ್ನುತ್ತಾರೆ. ಅಂಗಡಿಯವರಿಗೂ ಹಳೆಯ ಫೈಲ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಹೀಗೆ ಇಬ್ಬರ ಅನುಕೂಲಕ್ಕಾಗಿ ತಾಲೂಕಿನ ಗುರುತಿನ ಚೀಟಿಗಳೆಲ್ಲ ಬಾಗಿಲಿಲ್ಲದ ಫೋಲ್ಡರುಗಳಲ್ಲಿ ಸೇರಿಕೊಳ್ಳುತ್ತವೆ. ಆ ಕಂಪ್ಯೂಟರಿಗೆ ವೈರಸ್ ಬಂದರೆ, ಕಳ್ಳತನವಾದರೆ, ಕೆಲಸ ಬಿಟ್ಟುಹೋಗುವ ಹುಡುಗನೊಬ್ಬ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ನಷ್ಟ ಯಾರದು? ನಂಬಿ ಬಿಟ್ಟುಹೋದವರದು.

ನಾನು ಕಂಡುಕೊಂಡ ದಾರಿ ಇಷ್ಟು. ಸ್ಮಾರ್ಟ್‌ಫೋನ್ ಇದ್ದವರಿಗೆ ಅವರ ಫೈಲುಗಳನ್ನು ಅವರ ವಾಟ್ಸಾಪಿಗೇ ಕಳಿಸಿ, ಅವರೇ ತಮಗೆ ತಾವು ಸಂದೇಶ ಕಳಿಸಿಕೊಳ್ಳುವ ಜಾಗದಲ್ಲಿ ಹಾಕಿಸುತ್ತೇನೆ. ಮಕ್ಕಳು ಓದುತ್ತಿದ್ದರೆ 2015ರಿಂದ ಇರುವ ಡಿಜಿಲಾಕರಿನಲ್ಲಿ ಖಾತೆ ತೆರೆಸುತ್ತೇನೆ. ಏನೂ ಇಲ್ಲದವರಿಗೆ ಒಳ್ಳೆಯ ಝೆರಾಕ್ಸ್ ಪ್ರತಿಗಳನ್ನು ಒಂದು ಕವರಿಗೆ ಹಾಕಿ, ಮೇಲೆ ಹೆಸರು ಬರೆದು ಅವರ ಕೈಗೇ ಕೊಡುತ್ತೇನೆ. ಆಮೇಲೆ ಅವರ ಕಣ್ಣೆದುರೇ ಶಿಫ್ಟ್ ಡಿಲೀಟ್. ಶಿಫ್ಟ್ ಸೇರಿಸಿ ಒತ್ತಿದರೆ ಫೈಲು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ. ಡೌನ್‌ಲೋಡ್ಸ್ ಒಂದನ್ನೇ ನೋಡಿದರೆ ಸಾಲದು. ಸ್ಕ್ಯಾನರ್ ತನ್ನ ಪ್ರತಿಯನ್ನು ಡಾಕ್ಯುಮೆಂಟ್ಸ್ ಒಳಗೆ ಬೇರೆ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಪಿಕ್ಚರ್ಸ್ ಒಳಗೆ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಪ್ರಿಂಟ್ ಆದ ದಾಖಲೆಗಳನ್ನು ಇಟ್ಟುಕೋ ಎಂಬ ಆಯ್ಕೆಗೆ ಯಾರಾದರೂ ಟಿಕ್ ಹಾಕಿದ್ದರೆ ಸ್ಪೂಲಿನಲ್ಲೂ ಪುಟಗಳು ಉಳಿಯುತ್ತವೆ. ಗ್ರಾಹಕರು ಅಂಗಡಿಯ ವಾಟ್ಸಾಪಿಗೆ ಕಳಿಸಿದ ಫೈಲುಗಳಿಗೆ 24 ಗಂಟೆಯಲ್ಲಿ ಸಂದೇಶ ಮಾಯವಾಗುವ ವ್ಯವಸ್ಥೆ ಹಾಕಬಹುದು. ಆದರೆ ಅಂಗಡಿಯ ಫೋನಿನ ಗ್ಯಾಲರಿಗೆ ಆಗಲೇ ಇಳಿದ ಫೋಟೊ ತಾನಾಗಿ ಮಾಯವಾಗುವುದಿಲ್ಲ, ಅದನ್ನು ಕೈಯಾರೆ ತೆಗೆಯಬೇಕು.

ಅಳಿಸಿದ ಮೇಲೆ ನಿಜಕ್ಕೂ ಅಳಿಯಿತೇ? ಇದಕ್ಕೆ ಉತ್ತರವಾಗಿ ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿನ ಕಥೆ ಹೇಳುತ್ತೇನೆ. ಅವರು ಅದನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದರು. ಪಿಂಚಣಿಯ ಸ್ಕ್ಯಾನ್ ಪ್ರತಿಗಳು ಕೈತಪ್ಪಿ ಅಳಿಸಿಹೋಗಿವೆ, ತೆಗೆದುಕೊಡಮ್ಮ ಎಂದು ತಂದರು. ಅಳಿಸಿದ ಫೈಲುಗಳನ್ನು ಹುಡುಕುವ ತಂತ್ರಾಂಶ ಓಡಿಸಿದೆ. ಪರದೆಯ ಮೇಲೆ ಪಟ್ಟಿ ಬೆಳೆಯುತ್ತ ಹೋಯಿತು. ಪಿಂಚಣಿ ಕಾಗದ ಸಿಕ್ಕಿತು. ಅದರ ಜೊತೆಗೆ ಯಾರದೋ ಸಂಬಳದ ಚೀಟಿಗಳು, ಮನೆ ಬಾಡಿಗೆಯ ಕರಾರು, ಮಗುವಿನ ಹುಟ್ಟುಹಬ್ಬದ ಫೋಟೊಗಳು.

"ಮೇಷ್ಟ್ರೇ, ಇವೆಲ್ಲ ನಿಮ್ಮವಾ?"

"ಇಲ್ಲಮ್ಮ, ಈ ಹೆಸರಿನವರು ನಮ್ಮ ಪೈಕಿ ಯಾರೂ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಂಗಾದ್ರೆ ನಾನು ಹೋದ ವರ್ಷ ಮಾರಿದ ಹಳೇ ಕಂಪ್ಯೂಟರಲ್ಲಿ ನಂದೂ ಹಿಂಗೇ ಇರ್ತದಾ?"

ಇರುತ್ತದೆ. ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂದು ಬರೆದಿಡುವ ಒಂದು ಪಟ್ಟಿ ಇದೆ. ವಿಂಡೋಸಿನಲ್ಲಿ ಅದಕ್ಕೆ ಮಾಸ್ಟರ್ ಫೈಲ್ ಟೇಬಲ್ ಎನ್ನುತ್ತಾರೆ. ಅಳಿಸಿ ಎಂದರೆ ಆ ಪಟ್ಟಿಯಲ್ಲಿ ಈ ಜಾಗ ಖಾಲಿ ಎಂದು ಗುರುತು ಬೀಳುತ್ತದೆ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿ ನಿಂತ ತೆಂಗಿನ ಮರ ಬೀಳುವುದಿಲ್ಲವಲ್ಲ, ಹಾಗೆ ಫೈಲಿನ ಒಡಲು ಅಲ್ಲೇ ಇರುತ್ತದೆ, ಇನ್ನೊಂದು ಫೈಲು ಬಂದು ಅದೇ ಜಾಗದಲ್ಲಿ ಬರೆಯುವವರೆಗೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೆ, ಪಟ್ಟಿ ಹೊಸದಾಗುತ್ತದೆ, ಒಡಲು ಉಳಿಯುತ್ತದೆ. ಕ್ವಿಕ್ ಎಂಬ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯುತ್ತದೆ. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಗಡಿಬಿಡಿಯ ಅಂಗಡಿಗಳಲ್ಲಿ ಅಷ್ಟು ಕಾಯುವವರು ಕಡಿಮೆ.

ಇದು ನಮ್ಮೂರಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲತ್, ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಪ್ರಬಂಧ ಪ್ರಕಟಿಸಿದರು. ಕೊಂಡದ್ದು 158, ಓದಲು ಸಿಕ್ಕಿದ್ದು 129. ಅದರಲ್ಲಿ ಸರಿಯಾಗಿ ಅಳಿಸಿದ್ದು ಬರೀ 12. ಮಿಕ್ಕವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ಪತ್ರಗಳು, ಖಾಸಗಿ ಪತ್ರಗಳು ಇದ್ದವು. ಒಂದು ಡಿಸ್ಕಂತೂ ಎಟಿಎಂ ಯಂತ್ರದಿಂದಲೇ ಬಂದಂತಿತ್ತು. ಝೆರಾಕ್ಸ್ ಯಂತ್ರವೂ ಇದರಿಂದ ಹೊರತಲ್ಲ. ದೊಡ್ಡ ಡಿಜಿಟಲ್ ಕಾಪಿಯರುಗಳ ಹೊಟ್ಟೆಯಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ. ನ್ಯೂಯಾರ್ಕಿನ ಅಫಿನಿಟಿ ಹೆಲ್ತ್ ಪ್ಲಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಗೆ ತಂದ ಕಾಪಿಯರುಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿತು. 3 ಲಕ್ಷ 44 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಬಯಲಾಗಿರಬಹುದೆಂದು ಅಂದಾಜಾಗಿ, 2013ರಲ್ಲಿ ಅದು 12 ಲಕ್ಷ ಡಾಲರಿಗೂ ಮೀರಿ ತೆತ್ತಿತು. ಹಳೆಯ ಕಾಪಿಯರ್ ಮಾರುವ, ಕೊಳ್ಳುವ ನನ್ನ ಕಸುಬಿನವರೆಲ್ಲ ಇದನ್ನು ನೆನಪಿಡಬೇಕು.

ಮೇಷ್ಟ್ರ ಲ್ಯಾಪ್‌ಟಾಪಿನಲ್ಲಿ ಕಂಡ ಆ ಅಪರಿಚಿತರ ಫೈಲುಗಳಲ್ಲಿ ಒಂದನ್ನೂ ನಾನು ತೆರೆಯಲಿಲ್ಲ. ಮೇಷ್ಟ್ರ ಪಿಂಚಣಿ ಕಾಗದಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಟ್ಟು, ವಿಂಡೋಸಿನಲ್ಲೇ ಇರುವ ಸೈಫರ್ ಎಂಬ ಆದೇಶ ಓಡಿಸಿದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಸೈಫರ್ ಎಂದು ಬರೆದು, ಓರೆಗೆರೆ ಹಾಕಿ, ಡಬ್ಲ್ಯೂ ಮತ್ತು ಡ್ರೈವಿನ ಹೆಸರು ಕೊಟ್ಟರೆ ಅದು ಖಾಲಿ ಜಾಗದ ಮೇಲೆ ಮಾತ್ರ ಮೂರು ಸಲ ಬರೆಯುತ್ತದೆ. ಮೊದಲು ಸೊನ್ನೆಗಳು, ಆಮೇಲೆ ಒಂದುಗಳು, ಕೊನೆಗೆ ಗೊತ್ತುಗುರಿಯಿಲ್ಲದ ಸಂಖ್ಯೆಗಳು. ಇರುವ ಫೈಲುಗಳಿಗೆ ತೊಂದರೆಯಿಲ್ಲ. ರಾತ್ರಿ ಹಚ್ಚಿಟ್ಟು ಹೋಗಿ ಬೆಳಿಗ್ಗೆ ಬಂದು ಅದೇ ಹುಡುಕುವ ತಂತ್ರಾಂಶ ಓಡಿಸಿದೆ. ಹಳೆಯ ಹೆಸರುಗಳು ಕೆಲವು ಕಂಡವು, ಒಳಗೆ ಓದುವಂಥದ್ದೇನೂ ಉಳಿದಿರಲಿಲ್ಲ.

ಎಸ್‌ಎಸ್‌ಡಿ ಇರುವ ಹೊಸ ಕಂಪ್ಯೂಟರುಗಳ ದಾರಿ ಬೇರೆ. ಅಲ್ಲಿ ಫೈಲು ಅಳಿಸಿದರೆ ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಡಿಸ್ಕಿಗೆ ಹೇಳುತ್ತದೆ, ಡಿಸ್ಕ್ ತನ್ನ ಬಿಡುವಿನಲ್ಲಿ ಅದನ್ನು ಖಾಲಿ ಮಾಡುತ್ತದೆ. ಟ್ರಿಮ್ ಎಂಬ ಈ ಏರ್ಪಾಡು 2009ರ ವಿಂಡೋಸ್ 7ರಿಂದಲೂ ಇದೆ. ಮತ್ತೆ ಮತ್ತೆ ಮೇಲೆ ಬರೆಯುವ ತಂತ್ರಾಂಶ ಓಡಿಸಿದರೆ ಅಲ್ಲಿ ಡಿಸ್ಕಿನ ಆಯಸ್ಸು ಸವೆಯುತ್ತದೆ, ಅದೇ ಜಾಗದ ಮೇಲೆ ಬರೆದಿದೆ ಎಂಬ ಖಾತ್ರಿಯೂ ಇರುವುದಿಲ್ಲ. ಮೊದಲ ದಿನದಿಂದಲೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟುಕೊಳ್ಳುವುದೇ ಅಲ್ಲಿ ಸರಿಯಾದ ರಕ್ಷಣೆ. ಅದರ ರಿಕವರಿ ಕೀಲಿಯನ್ನು ಮಾತ್ರ ಬೇರೆ ಕಡೆ ಜೋಪಾನವಾಗಿ ಬರೆದಿಟ್ಟುಕೊಳ್ಳಿ, ಕಳೆದುಹೋದರೆ ನಿಮಗೂ ಡಿಸ್ಕ್ ತೆರೆಯದು.

ಈಗ ಈ ಮಾತು ಹೆಚ್ಚು ಮುಖ್ಯವಾಗಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳನ್ನು ಜನ ಮಾರುತ್ತಿದ್ದಾರೆ, ಗುಜರಿಗೆ ಹಾಕುತ್ತಿದ್ದಾರೆ. ಮಾರುವ ಮುನ್ನ ಬೇಕಾದದ್ದನ್ನು ಬೇರೆ ಕಡೆ ಉಳಿಸಿಕೊಂಡು, ಸೆಟ್ಟಿಂಗ್ಸಿನ ರಿಸೆಟ್‌ಗೆ ಹೋಗಿ ರಿಮೂವ್ ಎವೆರಿಥಿಂಗ್ ಆರಿಸಿ. ಅದರ ಮುಂದಿನ ಹೆಜ್ಜೆಯಲ್ಲಿ ಸೆಟ್ಟಿಂಗ್ ಬದಲಿಸಿ ಎಂಬಲ್ಲಿಗೆ ಹೋಗಿ ಕ್ಲೀನ್ ಡೇಟಾ ಎಂಬುದಕ್ಕೆ ಯೆಸ್ ಕೊಡಿ. ಇದನ್ನು ಆನ್ ಮಾಡದಿದ್ದರೆ ಮೇಷ್ಟ್ರ ಲ್ಯಾಪ್‌ಟಾಪಿನ ಗತಿಯೇ. ಯಂತ್ರ ಆನ್ ಆಗುವುದೇ ಇಲ್ಲವೆಂದರೆ ನಾಲ್ಕು ಸ್ಕ್ರೂ ಬಿಚ್ಚಿಸಿ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಂಡು ಮಿಕ್ಕದ್ದನ್ನು ಗುಜರಿಗೆ ಕೊಡಿ.

ಒಂದೇ ಒತ್ತಿಗೆ ಎಲ್ಲ ಶುದ್ಧ ಎಂದು ಹೇಳಿಕೊಳ್ಳುವ ಕ್ಲೀನರ್ ತಂತ್ರಾಂಶಗಳ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಬೇಡ. ಅವುಗಳಲ್ಲೆಲ್ಲ ಹೆಸರುವಾಸಿಯಾದದ್ದು ಸಿಕ್ಲೀನರ್. 2017ರ ಆಗಸ್ಟಿನಲ್ಲಿ ಬಿಡುಗಡೆಯಾದ ಅದರ 5.33ನೇ ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕೋಡ್ ಸೇರಿಸಿದ್ದರು. ಕಂಪನಿಯ ಸ್ವಂತ ಜಾಲತಾಣದಿಂದಲೇ ಅದು ಹಂಚಿಕೆಯಾಗಿ, ಗೊತ್ತಾಗುವ ಹೊತ್ತಿಗೆ ಸುಮಾರು 22 ಲಕ್ಷ 70 ಸಾವಿರ ಬಳಕೆದಾರರನ್ನು ತಲುಪಿತ್ತು. ಮನೆ ಗುಡಿಸಲೆಂದು ಕರೆದ ಕೈಯೇ ಬಾಗಿಲು ತೆರೆದಿಟ್ಟಿತ್ತು. ಹೆಸರಿದ್ದ ತಂತ್ರಾಂಶಕ್ಕೇ ಹೀಗಾದರೆ, ಪರದೆಯ ಮೇಲೆ ಕೆಂಪಕ್ಷರದಲ್ಲಿ ಹೆದರಿಸಿ ಒಳಗೆ ಬರುವ ಹೆಸರಿಲ್ಲದವುಗಳನ್ನು ನಂಬುವುದು ಹೇಗೆ? ರಿಜಿಸ್ಟ್ರಿ ಕ್ಲೀನರ್‌ಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ವಿಂಡೋಸಿನಲ್ಲಿ ಇರುವುದೇ ಸಾಕು.

ಖಾಸಗಿ ಮಾಹಿತಿ ಸಂರಕ್ಷಣೆಗೆಂದು 2023ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿತು. ಯಾವ ಉದ್ದೇಶಕ್ಕೆ ಮಾಹಿತಿ ತೆಗೆದುಕೊಂಡಿರೋ ಅದು ತೀರಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದಿದ್ದರೆ, ಅಳಿಸಬೇಕು ಎಂಬುದು ಅದರ ತಿರುಳಿನಲ್ಲೊಂದು. ಕಾನೂನಿನ ಭಯಕ್ಕೆ ಕಾಯದೆ ನಮ್ಮಂಥ ಅಂಗಡಿಗಳು ಇದನ್ನು ದಿನದ ಕೆಲಸವಾಗಿ ಮಾಡಿಕೊಳ್ಳಬೇಕು. ಜನ ನಮ್ಮನ್ನು ನಂಬಿ ಕೊಟ್ಟದ್ದು ಅರ್ಜಿ ಹಾಕುವುದಕ್ಕೆ, ಕೂಡಿಟ್ಟುಕೊಳ್ಳುವುದಕ್ಕಲ್ಲ.

ಓದುಗರಲ್ಲಿ ನನ್ನದೊಂದು ಕೋರಿಕೆ. ಯಾವುದೇ ಅಂಗಡಿಯಲ್ಲಿ ಆನ್‌ಲೈನ್ ಕೆಲಸ ಮುಗಿದ ಮೇಲೆ ದುಡ್ಡು ಕೊಟ್ಟು ಹಾಗೇ ಎದ್ದು ಬರಬೇಡಿ. "ನನ್ನ ಫೈಲು ಅಳಿಸಿ, ಬಿನ್ನಿನಿಂದಲೂ ತೆಗೀರಿ" ಎಂದು ಕೇಳಿ, ತೆಗೆಯುವವರೆಗೆ ನಿಂತು ನೋಡಿ. ನಿಮ್ಮ ಫೋನಿನ ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಆ ಅಂಗಡಿಯ ಕಂಪ್ಯೂಟರ್ ಅಲ್ಲಿದ್ದರೆ ಲಾಗ್ಔಟ್ ಒತ್ತಿ. ಕೇಳಲು ಸಂಕೋಚ ಬೇಡ. ಬೇಸರ ಮಾಡಿಕೊಳ್ಳುವ ಅಂಗಡಿಯವರಿದ್ದರೆ, ಮುಂದಿನ ಸಲ ಬೇರೆ ಅಂಗಡಿಗೆ ಹೋಗಿ.